ನಮ್ಮ ಮನೆಯವರೂ ಮಡುವಿನ ನೀರೂ

ಖಾನಾಪುರದಿಂದ ಸ್ವಲ್ಪ ದೂರ, ಮಲಪ್ರಭೆಯ ದಂಡೆಯ ಮೇಲೆ ನಮ್ಮೂರು. ಕುರಿ ಸಾಕುವವರ ಮನೆ ನಮ್ಮದು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದೆವು. ಬೇಸಿಗೆಯಲ್ಲಿ ಹೊಳೆ ಸೊರಗಿದರೂ ಊರ ಕೆಳಗಿನ ಮಡುವಿನಲ್ಲಿ ಮಾತ್ರ ಆಳವಾದ ನೀರು ನಿಂತಿರುತ್ತಿತ್ತು.

ಆ ವರ್ಷ ನನಗೆ ಹನ್ನೆರಡು, ಅಣ್ಣನಿಗೆ ಹದಿನಾರು. ಊರಿನಲ್ಲಿ ಅವನಷ್ಟು ಚೆನ್ನಾಗಿ ಈಜುವವರು ಇರಲಿಲ್ಲ. ಕುರಿ ತೊಳೆದು ಮುಗಿದ ಮೇಲೆ ಅವನು ಆಚೆ ದಡಕ್ಕೆ ಈಜಿ ಹೋಗಿ ಬಂಡೆಯ ಮೇಲೆ ಕೂತಿದ್ದ. ಈಚೆ ಕಡೆ ಕುರಿಗಳು ಒಂದರ ಹಿಂದೊಂದು ಯಾರದೋ ಕಬ್ಬಿನ ಹೊಲದತ್ತ ಹೊರಟವು. ನನ್ನ ಕೈಯಲ್ಲಿ ಅವು ನಿಲ್ಲಲಿಲ್ಲ.

"ಅಣ್ಣಾ, ಜಲ್ದಿ ಬಾರೋ! ಕುರಿ ಕಬ್ಬಿನ್ಯಾಗ ಹೊಂಟಾವು!" ಎಂದು ಕೂಗಿದೆ.

ಅವನು ಧುಮುಕಿ ಜೋರಾಗಿ ಕೈ ಬೀಸುತ್ತಾ ಬಂದ. ಮಡುವಿನ ನಡುವೆ ಬಂದವನು ನಿಂತುಬಿಟ್ಟ. ಕೂಗಲಿಲ್ಲ, ಕೈ ಎತ್ತಲಿಲ್ಲ, ಒದ್ದಾಡಲಿಲ್ಲ. ಮುಖ ಕೆಳಗಾಗಿ ಒಂದಿಷ್ಟು ಹೊತ್ತು ತೇಲಿದ, ಆಮೇಲೆ ಕಾಣಲಿಲ್ಲ. ನನ್ನನ್ನು ಹೆದರಿಸಲು ಆಟ ಹೂಡಿದ್ದಾನೆಂದು ನಾನು ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ.

ಎಲ್ಲಿಂದಲೋ ಓಡಿ ಬಂದ ಅಪ್ಪನೇ ಅವನನ್ನು ಮೇಲೆ ತಂದ. ಊರವರು ಸೇರಿ ಬೋರಲು ಮಲಗಿಸಿ ಬೆನ್ನು ಒತ್ತಿದರು. "ಹೊಟ್ಟ್ಯಾಗ ನೀರ ಇಲ್ಲ" ಎಂದು ಯಾರೋ ಮೆಲ್ಲಗೆ ಅಂದರು. ಅಜ್ಜಿ ಅಳಲಿಲ್ಲ. ನೀರಿನ ಕಡೆ ನೋಡಿ, "ಕರಕೊಂಡ್ರು. ಮತ್ತ ಕರಕೊಂಡ್ರು" ಎಂದಳು.

ನೀರಿನಲ್ಲಿ ಏಳು ಜನ ಅಕ್ಕತಂಗಿಯರು ಇರುತ್ತಾರೆ, ಅವರಿಗೆ ಆಸರಾ ಅನ್ನುತ್ತಾರೆ, ನಮ್ಮ ಮನೆತನದ ಮೇಲೆ ಅವರ ಕಣ್ಣಿದೆ ಎಂದು ನನಗೆ ಆಗ ತಿಳಿಯಿತು. ಅಪ್ಪನ ಒಬ್ಬ ತಮ್ಮ ಅದೇ ಮಡುವಿನಲ್ಲಿ ಹೀಗೇ ಹೋಗಿದ್ದನಂತೆ. ಅದಕ್ಕೂ ಮುಂಚೆ ಅಜ್ಜನ ತಂಗಿ. ಇಬ್ಬರೂ ಈಜು ಬಲ್ಲವರೇ. ಅಂದಿನಿಂದ ಮನೆಯ ಮಕ್ಕಳು ಯಾರೂ ನೀರಿಗೆ ಇಳಿಯಕೂಡದು ಎಂದಾಯಿತು. ಅಜ್ಜಿ ಸಾಯುವ ತನಕ ಪ್ರತಿ ವರ್ಷ ಹಸಿರು ಕುಪ್ಪಸದ ಖಣ, ಬಳೆ ಹೊಳೆಗೆ ಬಿಡುತ್ತಿದ್ದಳು. ನಾನು ಕೂಗಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮುಂದೆ ಓದಲು ಬೆಳಗಾವಿಗೆ ಬಂದೆ, ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ರಾಮತೀರ್ಥ ನಗರದಲ್ಲಿ ಮನೆ ಮಾಡಿದೆವು. ಆಸರಾಗಳನ್ನು ನಾನು ನಂಬುತ್ತೇನೆಂದು ಯಾರ ಮುಂದೂ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೆ ತವರಿಗೆ ಹೋಗುವಾಗ ಬಸ್ಸು ಹೊಳೆ ದಾಟುವ ತನಕ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ.

ಮಗಳಿಗೆ ಹದಿಮೂರಾದಾಗ ಅವಳ ಅಪ್ಪ ಅವಳನ್ನು ಈಜು ಕಲಿಯಲು ಈಜುಕೊಳಕ್ಕೆ ಸೇರಿಸಿದರು. ಬೇಡವೆಂದೆ. ಅಣ್ಣ ನೀರಿನಲ್ಲಿ ಹೋದದ್ದು ಅವರಿಗೆ ಗೊತ್ತಿತ್ತು. "ಅದಕ್ಕನ ಆಕಿ ಕಲೀಬೇಕು" ಎಂದರು. ಎರಡು ತಿಂಗಳು ಏನೂ ಆಗಲಿಲ್ಲ. ನಾನು ದಿನಾಲೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ಮುಂಜಾನೆ ಮಕ್ಕಳಿಗೆ ಪಂದ್ಯ ಇಟ್ಟಿದ್ದರು. ಮಗಳು ಎಲ್ಲರಿಗಿಂತ ಮುಂದಿದ್ದಳು. ಅರ್ಧ ದಾಟಿದವಳು ನಿಂತಳು. ಅದೇ ರೀತಿ ಸದ್ದಿಲ್ಲದೆ, ಮುಖ ಕೆಳಗೆ ಮಾಡಿ.

ಈ ಸಲ ನಾನು ನಗಲಿಲ್ಲ. ಸೀರೆಯಲ್ಲೇ ನೀರಿಗೆ ಹಾರಿದೆ. ನನಗೆ ಈಜು ಬರುವುದಿಲ್ಲ. ತರಬೇತುದಾರ ಇಬ್ಬರನ್ನೂ ಎಳೆಯಬೇಕಾಯಿತು. ಅವನು ಮಗಳ ಎದೆ ಒತ್ತಿದ. ಎಷ್ಟು ಸಲ ಒತ್ತಿದನೋ ತಿಳಿಯದು. ಕೊನೆಗೆ ಅವಳು ಕೆಮ್ಮಿ ಕಣ್ಣು ತೆರೆದಳು.

ಆಸ್ಪತ್ರೆಯಲ್ಲಿ ಮೊದಲು ಮೂರ್ಛೆರೋಗ ಇರಬಹುದೆಂದರು. ಮರುದಿನ ವಯಸ್ಸಾದ ಒಬ್ಬರು ಹೃದಯದ ಡಾಕ್ಟರಮ್ಮ ಬಂದು ಈಸಿಜಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಂತರ ನನ್ನ ಕಡೆ ತಿರುಗಿದರು.

"ನಿಮ್ಮ ಮನ್ಯಾಗ ಯಾರರ ನೀರಿನ್ಯಾಗ ತೀರಿಕೊಂಡಾರೇನ್ರಿ? ಈಜು ಬರೋರು?"

ಅಜ್ಜಿಯೇ ಕೇಳಿದಂತಾಯಿತು. ಮೂವರ ಕತೆಯನ್ನೂ ಹೇಳಿದೆ. ಅವರು ಒಂದು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಬರೆಯುತ್ತಾ ಹೋದರು. ಸತ್ತವರ ಮೇಲೆ ಅಡ್ಡಗೆರೆ ಎಳೆದರು. ಅಣ್ಣ ಗೆರೆ ಬಿದ್ದ ಒಂದು ಚೌಕವಾದ.

ರಕ್ತ ಪರೀಕ್ಷೆಗೆ ಹೋಯಿತು, ಮಗಳದೂ ನಮ್ಮಿಬ್ಬರದೂ. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ ಮ್ಯುಟೇಶನ್ ಎಂಬ ಪದವಿತ್ತು. ಪಿಯುಸಿ ಪುಸ್ತಕದಲ್ಲಿ ಅದನ್ನೇ ಉತ್ಪರಿವರ್ತನೆ ಎಂದು ಓದಿದ್ದೆ. ಆ ಪಾಠದ ಜೊತೆಗೆ, ಅಂಥ ಬದಲಾವಣೆಯಿಂದ ಹುಟ್ಟಿದ ಗಿಡ್ಡ ಕಾಲಿನ ಒಂದು ಕುರಿಯ ಚಿತ್ರವಿತ್ತು. ಕುರಿಯವರ ಮಗಳಾದ ನನಗೆ ಅದು ನಗೆ ತರಿಸಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೃದಯದ ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ತು ಹರಿಯುತ್ತದೆ. ಬಡಿತ ಮುಗಿದ ಮೇಲೆ ಹೃದಯ ಮತ್ತೆ ಸಜ್ಜಾಗಬೇಕು. ನಮ್ಮವರಲ್ಲಿ ಆ ಕೆಲಸದ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದಕ್ಕೆ ಹೃದಯ ಸಜ್ಜಾಗುವುದು ತಡ. ಸುಮ್ಮನಿದ್ದಾಗ ಗೊತ್ತಾಗುವುದಿಲ್ಲ. ಜೋರಾಗಿ ಓಡಿದರೆ, ಅದಕ್ಕಿಂತ ಹೆಚ್ಚಾಗಿ ಈಜಿದರೆ, ಬಡಿತ ದಿಕ್ಕು ತಪ್ಪುತ್ತದೆ. ಕೆಲವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಅದು ಇರುವವರಿಗೆ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಮಗಳಿಗೆ ಅದು ನನ್ನಿಂದ ಬಂದಿತ್ತು.

ಹೊರಡುವ ಮುಂಚೆ, ಇಪ್ಪತ್ತೊಂಬತ್ತು ವರ್ಷ ಬಾಯಿ ಬಿಟ್ಟು ಆಡದ ಮಾತನ್ನು ಕೇಳಿದೆ. "ಜಲ್ದಿ ಬಾ ಅಂತ ನಾನ ಕೂಗಿದ್ದೆ ರೀ. ಕೂಗದಿದ್ರ ಅಂವ ಉಳೀತಿದ್ನೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ಅವತ್ತ ಉಳೀತಿದ್ನೋ ಏನೋ. ಮುಂದ ಇನ್ನೊಂದ ದಿನ ಆಗತಿತ್ತೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ನಿಮಗ ಸುಳ್ಳ ಹೇಳಾಂಗಿಲ್ಲ ನಾನು" ಎಂದರು. ಅವರು ಅಷ್ಟು ಪ್ರಾಮಾಣಿಕರಾಗಬೇಕಿರಲಿಲ್ಲ ಎಂದು ಎಷ್ಟೋ ಸಲ ಅನಿಸಿದೆ.

ಮುಂದಿನ ರವಿವಾರ ಊರಿಗೆ ಹೋದೆ. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಅವನ ಇನ್ನೊಬ್ಬ ತಮ್ಮನ ಮಗ, ಸೊಸೆ, ಅವರ ಇಬ್ಬರು ಮಕ್ಕಳ ಜೊತೆ ಇದ್ದಾನೆ. ದೊಡ್ಡಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವನ ಬಾಜೂ ಕೂತು ಎಲ್ಲ ಹೇಳಿದೆ.

"ನೀರಾಗ ಯಾರೂ ಇರಲಿಲ್ಲಂತೀಯೇನು?" ಎಂದ.

"ಇರಲಿಲ್ಲಪಾ."

"ಮತ್ತ ಅವಂಗ ಎಲ್ಲಿಂದ ಬಂತು?"

"ನಿನ್ನಿಂದ. ನನಗೂ ನಿನ್ನಿಂದನ. ನಿನಗ ಅಜ್ಜನಿಂದ."

ಸೊಪ್ಪಿನ ಕಟ್ಟು ಅವನ ಕೈಯಲ್ಲೇ ಉಳಿಯಿತು. "ಇಷ್ಟ ವರ್ಷ ಅವರನ್ನ ಬೈಕೋತ ಬದುಕಿದ್ನಿ ಯವ್ವಾ" ಎಂದ. "ಇನ್ನ ಯಾರನ್ನ ಬೈಲಿ?"

ಅವನ ಭಾರವನ್ನು ಕಡಿಮೆ ಮಾಡಬೇಕೆಂದೋ, ನನ್ನದನ್ನು ಇಳಿಸಬೇಕೆಂದೋ, ನಾನು ಕೂಗಿದ್ದನ್ನೂ ಹೇಳಿಬಿಟ್ಟೆ.

"ಕೇಳಿಸಿತ್ತು" ಎಂದ ಅಪ್ಪ. "ಮ್ಯಾಲ ಹಾದ್ಯಾಗ ಬರಾಕತ್ತಿದ್ನಿ. ನೀ ಸಣ್ಣಾಕಿ, ಮರತೀ ಅಂತ ತಿಳಕೊಂಡಿದ್ನಿ."

ಇಬ್ಬರೂ ಒಂದೇ ಮಾತನ್ನು ಅಷ್ಟು ವರ್ಷ ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆವು. ಮರಿಗಳು ಅವನ ಕೈಯಿಂದ ಸೊಪ್ಪು ಎಳೆಯುತ್ತಿದ್ದವು. ಅವನು ಬಿಡಿಸಿಕೊಳ್ಳಲಿಲ್ಲ.

ಮನೆಯವರೆಲ್ಲ ಪರೀಕ್ಷೆಗೆ ಬರಬೇಕೆಂದು ನಾನೇ ಹಟ ಹಿಡಿದೆ. ಅವರು ಬೆಳಗಾವಿಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತರು. ಅಪ್ಪನಲ್ಲಿ ಇತ್ತು. ಚಿಕ್ಕಪ್ಪನ ಮಗನಲ್ಲೂ ಇತ್ತು. ಅವನ ಮಗನಿಗೆ ಇರಲಿಲ್ಲ; ಎಂಟು ವರ್ಷದ ಮಗಳಿಗೆ ಇತ್ತು. ತೋಟದಲ್ಲಿ ಓಡಾಡಿ ಬೆಳೆದ ಹುಡುಗಿ. ಇನ್ನು ಓಟದ ಪಂದ್ಯವಿಲ್ಲ, ನೀರಿಲ್ಲ, ದಿನಾ ಗುಳಿಗೆ ತಪ್ಪುವಂತಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಿದ್ದರೆ ಅವಳ ತಾಯಿ ನನ್ನನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಅಂದಳು: "ಆರಾಮ ಇದ್ದಳ್ರಿ ಅಕ್ಕಾರ ನನ್ನ ಮಗಳು. ಈ ರೋಗ ನೀವ ತಂದು ಹಚ್ಚಿದ್ರಿ."

ನನಗೆ ಸಿಟ್ಟು ಬರಲಿಲ್ಲ. ಮಗುವಿಗೆ ಏನೂ ಆಗಿರಲಿಲ್ಲ, ಮುಂದೆ ಆಗುತ್ತಿತ್ತೆಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮೂರು ವರ್ಷವಾಯಿತು, ನನ್ನ ಮಗಳೂ ಆ ಹುಡುಗಿಯೂ ಚೆನ್ನಾಗಿದ್ದಾರೆ. ತಿಂಗಳಿಗೊಮ್ಮೆ ಖಾನಾಪುರದ ಬಸ್ಸು ಹಿಡಿದು ಗುಳಿಗೆ ಕೊಟ್ಟು ಬರುತ್ತೇನೆ. ಹುಡುಗಿ ಓಡಿ ಬರಲು ಹೊರಟು, ನೆನಪಾಗಿ, ನಡೆದು ಬರುತ್ತಾಳೆ. ಅವಳ ತಾಯಿ ಒಳಗಿಂದ ಹೊರಗೆ ಬರುವುದಿಲ್ಲ.