ಪೇರಲ ಹೆಚ್ಚಲು ಕೊಟ್ಟ ಚಾಕು

ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾರಣ, ಒಂದು ಚಾಕು. ಹೆದರಬೇಡಿ, ಯಾರಿಗೂ ಏನೂ ಆಗಿಲ್ಲ. ಅದು ಹುಕ್ಕೇರಿಯ ಒಂದು ಮನೆಯಲ್ಲಿ ಪೇರಲ ಹಣ್ಣು ಹೆಚ್ಚಿತು, ಅಷ್ಟೇ.

ಹೆಂಗಸಿನ ಪರ್ಸಿನಲ್ಲಿ ಚಾಕು ಯಾಕೆ ಎಂದು ಕೇಳುವವರಿದ್ದೀರಿ, ಗೊತ್ತು. (ಕನ್ನಡಿ ಯಾಕೆ ಎಂದು ಯಾರೂ ಕೇಳುವುದಿಲ್ಲ.) ಈ ಚಟ ನನಗೆ ಹತ್ತಿದ್ದು ಕುಲಗೋಡದ ನಮ್ಮ ಕಾಕಾನಿಂದ. ಅವರ ಬನಿಯನ್ ಕಿಸೆಯಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. ಊರಿನ ಕಮ್ಮಾರ ಮಾಡಿಕೊಟ್ಟದ್ದು. ಮರದ ಹಿಡಿ, ಕಪ್ಪು ಅಲಗು. ಮೊದಲ ಸಲ ನೋಡಿದಾಗಲೇ ನನಗೆ ಅದರ ಮೇಲೆ ಭಯವೂ ಭಕ್ತಿಯೂ ಒಟ್ಟಿಗೇ ಹುಟ್ಟಿದವು. ಆಮೇಲೊಂದು ದಿನ ಬಾವಿಯ ದಂಡೆಯಲ್ಲಿ ಎಮ್ಮೆಯ ಕರು ಹಗ್ಗಕ್ಕೆ ಕೊರಳು ಸಿಕ್ಕಿಸಿಕೊಂಡು ಒದ್ದಾಡತೊಡಗಿತು. ಎಲ್ಲರೂ ಗಂಟು ಬಿಚ್ಚುತ್ತ ನಿಂತರು. ಕಾಕಾ ಚಾಕು ತೆಗೆದು ಒಮ್ಮೆ ಎಳೆದರು, ಕರು ಎದ್ದು ಓಡಿತು. ಅಲಗು ಒರೆಸಿ ಮಡಚುತ್ತ ಅವರು ಹೇಳಿದ್ದು ಇಷ್ಟೇ: "ನೋಡಾಕ ಹೆಂಗೈತಿ, ಕೆಲಸಕ್ಕೂ ಹಂಗ ಐತಿ."

ಒಂದು ವಸ್ತುವಿಗಾಗಲಿ ಮನುಷ್ಯನಿಗಾಗಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇದೆಯೇ?

ನನ್ನ ಚಾಕು ಗೋಕಾಕದ ಪೇಟೆಯಲ್ಲಿ ಕೊಂಡದ್ದು. ಅಂಗಡಿಯಲ್ಲಿ ತೆರೆದಾಗಲೇ ಅಲಗು ಟಕ್ ಎಂದು ಗಟ್ಟಿಯಾಗಿ ಕೂತಿತು, ಹಿಡಿ ಅಂಗೈಗೆ ಒಪ್ಪಿತು. ಚಳಿಗೆ ಕಲ್ಲಾದ ಕರದಂಟು, ಪಾರ್ಸಲ್ಲಿನ ಹಗ್ಗ, ಬಸ್ಸಿನ ಸೀಟಿನ ಸಂದಿಗೆ ಸಿಕ್ಕಿಕೊಂಡ ನನ್ನ ಸೆರಗು, ಯಾವುದಕ್ಕೂ ಅದು ಹಿಂದೆ ಸರಿದಿಲ್ಲ. ಅದೇ ಹೊತ್ತಿನಲ್ಲಿ ಮೊದಲ ನೋಟಕ್ಕೇ ಮೆಚ್ಚಿ ಮನೆಗೆ ತಂದ ಮಿಕ್ಸಿ, ಮೆಚ್ಚಿ ಮನೆಯಲ್ಲಿಟ್ಟುಕೊಂಡ ಬಾಡಿಗೆದಾರ, ಇಬ್ಬರೂ ಬರೀ ಸದ್ದು ಮಾಡಿ ಹೋದರು. ಫಸ್ಟ್ ಇಂಪ್ರೆಶನ್ ಎನ್ನುವುದನ್ನು ಉಳಿಸಿಕೊಂಡ ಚಾಕುಗಳನ್ನು ಕಂಡಿದ್ದೇನೆ. ಮನುಷ್ಯರ ವಿಷಯದಲ್ಲಿ ನನ್ನ ಲೆಕ್ಕ ಅಷ್ಟು ಚೆನ್ನಾಗಿಲ್ಲ.

ಇರಲಿ, ಹುಕ್ಕೇರಿಗೆ ಬರುತ್ತೇನೆ.

ಮೂಡಲಗಿಯಲ್ಲಿರುವ ಈ ತಂಗಿಗೆ ಒಬ್ಬಳೇ ಮಗಳು, ಶೈಲಾ. ಆಪರೇಶನ್ ಥಿಯೇಟರಿನಲ್ಲಿ ನರ್ಸ್. ಬಂದ ವರಗಳೆಲ್ಲ ನೈಟ್ ಡ್ಯೂಟಿ ಎಂಬ ಮಾತು ಕೇಳುತ್ತಲೇ ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ತಂಗಿ ಒಳಗೊಳಗೇ ಕರಗಿಹೋಗಿದ್ದಳು. ಅಂಥದರಲ್ಲಿ ಹುಕ್ಕೇರಿಯಿಂದ ಈ ಹುಡುಗ ಬಂದ. ಏನು ಮಾತು, ಏನು ಮಾತು! ಕಬ್ಬಿನಿಂದ ಹಿಡಿದು ಮೊಬೈಲಿನವರೆಗೆ ಅವನಿಗೆ ತಿಳಿಯದ್ದಿಲ್ಲ. ಹೆಣ್ಣುಮಕ್ಕಳು ದುಡಿಯಲೇಬೇಕು, ರಾತ್ರಿ ಪಾಳಿಯಾದರೇನು, ನಾನೇ ಗಾಡಿಯ ಮೇಲೆ ಬಿಟ್ಟು ಬರುತ್ತೇನೆ ಎಂದ. ಸುಲಭಕ್ಕೆ ನಗದ ಶೈಲಾ ನಕ್ಕಳು. ನಾನೂ ಬಿದ್ದೆ, ಸುಳ್ಳು ಯಾಕೆ ಹೇಳಲಿ?

ನಮ್ಮ ಕಡೆ ಆಮೇಲೆ ಹೆಣ್ಣಿನವರು ಗಂಡಿನ ಮನೆ ನೋಡಿ ಬರುವ ಪದ್ಧತಿ. ಹುಡುಗಿ ಹೋಗುವುದಿಲ್ಲ. ತಾನು ಬಾಳಬೇಕಾದ ಮನೆಯನ್ನು ತಾನೇ ನೋಡಬಾರದೇ ಎಂದು ಶೈಲಾ ಹಟ ಹಿಡಿದಳು. ಹುಡುಗ ಅದಕ್ಕೂ ಹೂಂ ಎಂದ. ಅವನಿಗೆ ಇನ್ನಷ್ಟು ಮಾರ್ಕ್ಸ್ ಬಿದ್ದವು.

ಶೈಲಾಳನ್ನೂ ಕರೆದುಕೊಂಡು ಹುಕ್ಕೇರಿಗೆ ಹೋದೆವು. ಒಳ್ಳೆಯ ಮನೆ. ಪಡಸಾಲೆಯ ಗೋಡೆಯ ಮೇಲೆ ಶಕುನ ನೋಡಬೇಡಿ ಎಂದು ಬೋಧಿಸಿದ ಶರಣರ ಫೋಟೊ. (ನಮ್ಮ ಮನೆಯಲ್ಲೂ ಇದೆ.) ಹುಡುಗ ಹಿತ್ತಲಿನ ಪೇರಲ ಹಣ್ಣುಗಳನ್ನು ಬುಟ್ಟಿಯಲ್ಲಿ ತಂದು, ನಾನೇ ಹೆಚ್ಚಿ ಕೊಡುತ್ತೇನೆ ಎಂದು ಕುಳಿತ. ಅಡುಗೆಮನೆಯಿಂದ ಬಂದ ಚಾಕುವಿಗೆ ಹಣ್ಣು ಜಗ್ಗಲಿಲ್ಲ. ನಾನು ಪರ್ಸಿನಿಂದ ನನ್ನದನ್ನು ತೆಗೆದು, ಬಿಚ್ಚಿ, ಅವನ ಕೈಗೆ ಕೊಟ್ಟೆ.

ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ, ಕೆಳಗೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹುಡುಗನ ಮಾತಿನ ಭರದಲ್ಲಿ ಮರೆತಿತ್ತು. ಹುಡುಗನ ಅಜ್ಜಿ ಮೆಲ್ಲಗೆ ಅಯ್ಯೋ ಶಿವನೇ ಎಂದರು. ಹುಡುಗನ ತಾಯಿ ಅಡುಗೆಮನೆಯಿಂದ ಹೊರಗೆ ಬಂದು, ಸಂಬಂಧ ಕೂಡುವ ದಿನವೇ ಚೂರಿ ಕೊಟ್ಟಿರಲ್ಲ, ಇದು ಚಲೋದಲ್ಲ ಎಂದರು. ನನ್ನ ತಂಗಿಯ ಮುಖ ನೋಡಲಾಗಲಿಲ್ಲ.

ಆಗ ಶೈಲಾ ಅಜ್ಜಿಯ ಕಡೆ ತಿರುಗಿ ಹೇಳಿದಳು: "ಅಜ್ಜೀ, ನೀವ್ ಹೇಳೂದು ಖರೆ ಐತ್ರಿ. ನಮ್ಮ ಥಿಯೇಟರಿನ್ಯಾಗೂ ಚಾಕು ಕೈಯಾಗ ಕೊಡೂದಿಲ್ಲ. ಟ್ರೇದಾಗ ಇಡ್ತೇವಿ, ಡಾಕ್ಟರ್ ಎತ್ಕೋತಾರ. ಕೈ ಕೊಯ್ಬಾರ್ದು ಅಂತ. ಈಗ ಯಾರ ಕೈನೂ ಕೊಯ್ದಿಲ್ಲಲ್ಲರಿ."

ಅಜ್ಜಿ ನಕ್ಕುಬಿಟ್ಟರು. ಡಾಕ್ಟರಿಗೂ ನನ್ನದೇ ಪದ್ಧತಿಯೇ ಎಂದು ಹಿಗ್ಗಿದರು. ನನಗೆ ಈ ಹುಡುಗಿಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ ಕಣ್ಣು ಒದ್ದೆಯಾದವು. ಹಿರಿಯರ ಮಾತಿಗೆ ಮರ್ಯಾದೆಯನ್ನೂ ಕೊಟ್ಟಳು, ದೊಡ್ಡವ್ವನ ಮಾನವನ್ನೂ ಉಳಿಸಿದಳು.

ಹುಡುಗನ ತಾಯಿ ಮಾತ್ರ ನಗಲಿಲ್ಲ. "ಹುಡುಗಿ ಮಾತ ಭಾಳ ಕಲ್ತೈತಿ. ನಮ್ಮ ಮನ್ಯಾಗ ಇಷ್ಟ ಮಾತ ನಡ್ಯೂದಿಲ್ಲ," ಎಂದರು.

ನಾವೆಲ್ಲ ಹುಡುಗನ ಕಡೆ ನೋಡಿದೆವು. ಲೋಕದ ಎಲ್ಲದರ ಮೇಲೂ ಮಾತಾಡಬಲ್ಲ ಹುಡುಗ. ಈಗೊಂದು ಮಾತು ಬೇಕಿತ್ತು. "ಇರ್ಲಿ ಬಿಡವ್ವಾ" ಎಂದಿದ್ದರೂ ಸಾಕಿತ್ತು. ಅವನು ತಲೆ ತಗ್ಗಿಸಿ ಪೇರಲ ಹೆಚ್ಚುತ್ತಿದ್ದ. ತೆಳ್ಳಗೆ, ಇನ್ನೂ ತೆಳ್ಳಗೆ. ಚಾಕು ಅದರ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ನಾನು ಯೋಚಿಸುತ್ತಿದ್ದೆ. ಅಂಗಡಿಯಲ್ಲಿ ಅಲಗಿನ ಹರಿತವನ್ನು ಉಗುರಿನ ಮೇಲೆ ನೋಡಿಬಿಡಬಹುದು. ಮನುಷ್ಯನದು ಗೊತ್ತಾಗುವುದು ಅವನಿಗೆ ಕಷ್ಟವಾಗುವ ಒಂದು ಮಾತನ್ನು ಆಡಬೇಕಾಗಿ ಬಂದಾಗ. ಚಹಾ, ಅವಲಕ್ಕಿ, ನಗು, ಇವುಗಳ ನಡುವೆ ಅಂಥ ಸಂದರ್ಭ ಬಾರದಂತೆ ಎರಡೂ ಕಡೆಯವರು ಎಷ್ಟು ಜೋಪಾನ ಮಾಡುತ್ತೇವೆ!

ವಾರದೊಳಗೆ ಹುಕ್ಕೇರಿಯಿಂದ ಸುದ್ದಿ ಬಂತು. ಸಂಬಂಧ ಒಪ್ಪಿಗೆ. ಚಾಕುವಿನ ದೋಷಕ್ಕೆ ಒಂದು ಶಾಂತಿ ಮಾಡಿಸಬೇಕು, ಹುಡುಗಿ ಮಾತು ಕಡಿಮೆ ಮಾಡಬೇಕು. ತಂಗಿಗೆ ಹೋದ ಜೀವ ಬಂದಂತಾಯಿತು. ಶಾಂತಿಗೆ ದಿನ ಕೇಳಲು ಹೊರಟೇಬಿಟ್ಟಳು. ನಾನೂ ಸುಮ್ಮನಿದ್ದೆ. ಇಷ್ಟು ದಿನಕ್ಕೆ ಕೂಡಿಬಂದದ್ದನ್ನು ಕೆಡಿಸುವ ಧೈರ್ಯ ಯಾರಿಗಿರುತ್ತದೆ?

ಶೈಲಾ ಮಾತ್ರ ಅವನಿಗೆ ಒಂದು ಫೋನ್ ಮಾಡುತ್ತೇನೆ ಎಂದಳು. ನಮ್ಮೆದುರೇ ಸ್ಪೀಕರ್ ಹಾಕಿ ಮಾಡಿದಳು. ದನಿ ಏರಿಸಲಿಲ್ಲ. "ಶಾಂತಿ ಬೇಕಾದ್ರ ಮಾಡಸೋಣ್ರಿ. ಒಂದ್ ಕೇಳ್ತೇನಿ. ನಾಳೆ ನಿಮ್ಮ ಮನ್ಯಾಗ ನಂಗ ಯಾರರ ಏನರ ಅಂದ್ರ, ಅವತ್ತಿನಂಗ ಸುಮ್ನ ಕೂಡ್ತೀರೇನ್ರಿ?"

ಆ ಕಡೆಯಿಂದ ಅವನ ದನಿ ಬಂತು, ಮೆತ್ತಗೆ, ವಿನಯದಿಂದಲೇ.

"ಅವ್ವನ್ನ ಕೇಳಿ ಹೇಳ್ತೇನ್ರಿ."

ಹುಡುಗ ಕೆಟ್ಟವನಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ಶೈಲಾ ಕೂಡ ಸಿಟ್ಟಾಗಲಿಲ್ಲ. ಆಗಲಿ, ಕೇಳಿರಿ ಎಂದು ಫೋನ್ ಇಟ್ಟಳು. ಈ ಸಂಬಂಧ ತನಗೆ ಬೇಡ ಎಂದು ತಾಯಿಗೆ ಹೇಳಿ ಡ್ಯೂಟಿಗೆ ಹೋದಳು.

ತಂಗಿ ಕಂಡವರ ಮುಂದೆಲ್ಲ ಹೇಳುತ್ತಾಳೆ, ಎಲ್ಲ ಕೆಡಿಸಿದ್ದು ಆ ಚಾಕು. ಹುಕ್ಕೇರಿಯಲ್ಲೂ ಅದೇ ಮಾತಂತೆ. ಬೈಯಲಿ, ಚಾಕುವಿಗೇನು. ಆದರೆ ಇದೇ ಉತ್ತರ ಮದುವೆಯಾದ ಮೇಲೆ ಸಿಕ್ಕಿದ್ದರೆ, ಆಗ ಎಲ್ಲರಿಂದ ಬೈಸಿಕೊಳ್ಳುವವರು ಯಾರಾಗಿರುತ್ತಿದ್ದರು?