ಆಯಿಯ ಒರಳು ಹುಡುಕಲು ಹೋದ ದಿನ

ಆಯಿಯ ಒರಳುಕಲ್ಲನ್ನು ನಾನು ತರಲಿಲ್ಲ. ತರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ತಂದಿದ್ದೇನೆಂದು ಆಮೇಲೆ ಹೇಳಿದೆ. ನಡುವೆ ಆಗಬೇಕಾಗಿದ್ದ ಕೆಲಸ ಮಾತ್ರ ಆಗಲಿಲ್ಲ.

ಕಾರವಾರದ ಆಚೆ ಬಿಣಗಾ ದಾಟಿದ ಮೇಲೆ ಸಮುದ್ರದ ಬದಿಗೆ ಇದ್ದ ನಮ್ಮ ಊರು ನೌಕಾನೆಲೆಗೆ ಹೋಯಿತು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಐದನೇ ಇಯತ್ತೆಗೇ ಶಾಲೆ ಬಿಟ್ಟು ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದೆ. ಆಯಿ, ಅಂದರೆ ನಮ್ಮ ತಾಯಿ, ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು. ಇಂಥದ್ದು ಇಂಥವರಿಗೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ವಸ್ತುವಿನ ಬಗ್ಗೆ. ಒರಳು ಮಗಳಿಗೆ. ಅದು ಆಯಿಯ ತವರಿನಿಂದ ಅವಳ ಜೊತೆಗೇ ಬಂದ ಕಲ್ಲು. ಮೀನು ಸಾರಿಗೆ ಅರೆಯುವಾಗ ಆಯಿ ಗುಂಡು ತಿರುಗಿಸುತ್ತಿದ್ದಳು, ಅಕ್ಕ ಎದುರಿಗೆ ಕೂತು ಕಾಯಿ, ಮೆಣಸನ್ನು ಬೆರಳಿನಿಂದ ಒಳಗೆ ದೂಡುತ್ತಿದ್ದಳು. ಅವರಿಬ್ಬರ ಮಾತುಕತೆಯೆಲ್ಲ ಅಲ್ಲೇ ನಡೆಯುತ್ತಿತ್ತು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು.

ಅಕ್ಕನನ್ನು ಕದ್ರಾಕ್ಕೆ ಕೊಟ್ಟಿದ್ದರು. ಭಾವನಿಗೆ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸ. ನಾವು ಊರು ಬಿಡುವಾಗ ಅಕ್ಕ ಬಾಣಂತಿ, ಬರುವ ಹಾಗಿರಲಿಲ್ಲ. ಬೇರೆ ಏನೂ ಬೇಡ, ಒರಳೊಂದನ್ನು ತಂದಿಡು ಎಂದು ಭಾವನ ಹತ್ತಿರ ಹೇಳಿ ಕಳಿಸಿದಳು. ಆಯಿತು ಅಂದೆ.

ಲಾರಿ ಬಂದ ದಿನ ಬಾಗಿಲು, ಕಿಟಕಿ, ಹಂಚು, ರೀಪುಗಳನ್ನೆಲ್ಲ ಕಳಚಿ ಹೇರಿದೆವು. ಕೊನೆಗೆ ಹಿಂಬದಿಯಲ್ಲಿ ಸ್ವಲ್ಪ ಜಾಗ ಉಳಿಯಿತು.

"ಇನ್ನೂ ಎಂತಾದ್ರೂ ಹಾಕುದಿದ್ರೆ ಹಾಕು" ಎಂದ ಡ್ರೈವರ್.

ಒರಳು ಹಿತ್ತಿಲಲ್ಲಿ ಅರ್ಧ ಹೂತುಕೊಂಡಿತ್ತು. ಪಿಕಾಸಿ ಹಾಕಿ ಎಬ್ಬಿಸಿದ್ದರೆ ಆಗುತ್ತಿತ್ತು. ಭಾರ ಹೊರುವುದೇ ನನ್ನ ಕಸುಬು, ಹಾಗಾಗಿ ಕಷ್ಟವೆಂದು ಬಿಟ್ಟುಬಂದೆ ಎಂದರೆ ಅದೂ ಸುಳ್ಳಾಗುತ್ತದೆ. ಆಯಿಯ ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವನು ನಾನು, ಮನೆ ಮುರಿಯುತ್ತಿರುವವನೂ ನಾನು, ಒರಳು ಮಾತ್ರ ಅವಳಿಗೆ. ಬೇಕಿದ್ದರೆ ಅವಳೇ ಬಂದು ಒಯ್ಯಲಿ ಅನ್ನಿಸಿತು. ಆ ಜಾಗಕ್ಕೆ ಒಂದು ಹೊರೆ ಸೌದೆ ಎತ್ತಿ ಹಾಕಿದೆ. ನಮ್ಮ ಊರಿಗೆ ಮೊದಲು ಬೇಲಿ ಬಂತು, ಆಮೇಲೆ ಗೋಡೆ.

ಅಕ್ಕ ಕೇಳಿದಾಗ, "ಚಿತ್ತಾಕುಲದಲ್ಲಿ ನಂಗೆ ಸಿಕ್ಕಿದ್ದು ಒಂದು ಶೆಡ್ಡು. ಒರಳನ್ನ ಅವರ್ಸಾದ ಅತ್ತೆ ಮನೇಲಿ ಇಟ್ಟಿದ್ದೆ" ಎಂದೆ. ಅತ್ತೆ ಎಂದರೆ ಅಪ್ಪನ ದೂರದ ಸಂಬಂಧಿ. ಅಕ್ಕ ನಂಬಿದಳು ಅಂದುಕೊಂಡೆ. ಪ್ರತಿ ಚೌತಿಗೆ ಕೇಳುವಳು, ನಾನು ಗಾಡಿ ಸಿಗಲಿಲ್ಲ ಎನ್ನುವೆ, ಮಳೆ ಎನ್ನುವೆ. ಅತ್ತೆಯೂ ಹೋಗಿಬಿಟ್ಟರು. ಅಕ್ಕ ಕೇಳುವುದು ಕಡಿಮೆಯಾಯಿತು. ಅವಳು ಕೇಳದೆ ಇದ್ದ ವರ್ಷಗಳಲ್ಲಿ ನನಗೆ ಹೆದರಿಕೆ ಹೆಚ್ಚಾಗುತ್ತಿತ್ತು.

ಅಕ್ಕನ ಅಂದಿನ ಆ ಕೂಸು, ನನ್ನ ಸೋದರಸೊಸೆ, ಈಗ ಕಾರವಾರದಲ್ಲಿ ನರ್ಸು. ಕಳೆದ ವರ್ಷ ಕರೆಂಟಿನ ಕಾರು ತೆಗೆದಳು. ಅವಳಿಗೆ ಹಳೆಯ ಊರು, ಹಳೆಯ ಮನೆಗಳೆಂದರೆ ಹುಚ್ಚು. ರಜೆ ಸಿಕ್ಕರೆ ಹೋಗಿ ಫೋಟೋ ತೆಗೆಯುತ್ತಾಳೆ. ಒಂದು ಭಾನುವಾರ ಅಂಕೋಲೆ ಬದಿಯ ಊರುಗಳನ್ನು ನೋಡುತ್ತ ಹೋಗೋಣವೆಂದು ತಾಯಿಯನ್ನು ಹೊರಡಿಸಿದಳಂತೆ. ಅಕ್ಕ ಹೇಳಿದ್ದು ಒಂದೇ ಮಾತು. "ಹಂಗಾರೆ ನಿನ್ನ ಮಾಮನ್ನೂ ಕರಕಂಬಾ. ಅವರ್ಸಾದಿಂದ ಒರಳ ತಕಂಡೇ ಬರ್ವಾ."

ಅವರು ಬಂದು ಮನೆಯೆದುರು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ. ಸದ್ದಿಲ್ಲದ ಗಾಡಿ. ಸದ್ದು ಕೇಳಿದ್ದರೆ ಹಿತ್ತಿಲ ಬಾಗಿಲಿನಿಂದ ಹೊರಬೀಳುತ್ತಿದ್ದೆನೋ ಏನೋ. ಅಂಗಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತೆ.

ಕಾಳಿ ಸೇತುವೆ, ಪೇಟೆ, ಸುರಂಗ, ಬಿಣಗಾ ಎಲ್ಲ ದಾಟಿತು. ಎಡಬಲಕ್ಕೆ ನೋಡುವುದನ್ನು ಬಿಟ್ಟು ನಾನು ಗಾಡಿಯ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದೆ. ಎಷ್ಟು ಚಾರ್ಜು ಉಳಿದಿದೆ ಎಂದು ಅದು ತೋರಿಸುತ್ತದೆ. ಅಂಕಿ ಬೇಗ ಇಳಿದರೆ ಅರ್ಧದಿಂದಲೇ ತಿರುಗಬಹುದು. ಅದೋ, ಇಳಿಯುವ ಮನಸ್ಸೇ ಇಲ್ಲದ ಹಾಗೆ ನಿಂತಿತ್ತು.

"ಎ.ಸಿ. ಜೋರು ಮಾಡೆ" ಎಂದೆ, ಅದರಿಂದಲಾದರೂ ಇಳಿಯಲಿ ಎಂದು.

"ಮಾಮಾ, ಈಗಷ್ಟೇ ಚಳಿ ಅಂದ್ಯಲ."

"ಈಗ ಸೆಕೆ ಆತದೆ."

"ಇವನಿಗೆ ಸಣ್ಣಂದಿಂದ್ಲೂ ಹಂಗೇ. ಕೂತಲ್ಲಿ ಕೂರುದಿಲ್ಲ" ಎಂದಳು ಅಕ್ಕ ಹಿಂದಿನಿಂದ. ನಮ್ಮ ಊರಿನ ಗೋಡೆ ಬಂದಾಗ ಅವಳು ಕಿಟಕಿಯ ಗಾಜು ಇಳಿಸಿದಳು. ಗೋಡೆಯಾಚೆ ತೆಂಗಿನ ತಲೆಗಳು ಕಾಣುತ್ತಿದ್ದವು. "ಅದ್ರಲ್ಲಿ ನಮ್ದು ಯಾವ್ದಿರೂಕು?" ಎಂದಳು. ಗೋಡೆ ಮುಗಿಯುವ ತನಕ ನಾನು ಮತ್ತೆ ಅಂಕಿಯನ್ನೇ ನೋಡಿದೆ.

ಅವರ್ಸಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಇಳಿದೆವು. ಎರಡೂ ಬದಿಗೆ ಪಾಚಿ ಹಿಡಿದ ಚಿರೆಕಲ್ಲಿನ ಗೋಡೆ, ಆಚೆ ಉದ್ದ ಜಗಲಿಯ ಹಂಚಿನ ಮನೆಗಳು, ಮಾವಿನ ಮರಗಳು. ಸೊಸೆ ಹೆಜ್ಜೆಗೊಮ್ಮೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವಳು. ಒಬ್ಬ ಮುದುಕ ದಾರಿಯ ನಡುವೆಯೇ ಹೋಗುತ್ತಿದ್ದ. ನಾವು ಬೆನ್ನಿಗೆ ತಾಗುವಷ್ಟು ಹತ್ತಿರ ಹೋದರೂ ತಿರುಗಲಿಲ್ಲ. ಹಾರ್ನ್ ಕೇಳಿ ಬೆಚ್ಚಿಬಿದ್ದವನು ಕಿಟಕಿಯೊಳಗೆ ಬಗ್ಗಿ ನನ್ನ ಮುಖವನ್ನೇ ನೋಡಿದ.

"ಎಂತಾ ಗಾಡಿನ ಇದು? ಕಳ್ಳರಂಗೆ ಬತ್ರಲ."

ಅಕ್ಕ, ಸೊಸೆ ಇಬ್ಬರೂ ನಕ್ಕರು.

ಅತ್ತೆಯ ಮನೆ ಹತ್ತಿರ ಬಂದಾಗ, "ನೀವು ಕೂತಿರಿ, ನಾನೇ ಕೇಳಿ ಬತ್ತೆ" ಎಂದು ಇಳಿದೆ. ಒಳಗೆ ಮಿಕ್ಸಿಯ ಸದ್ದು ಕೇಳುತ್ತಿತ್ತು. ನಾನು ಬಾಗಿಲು ಬಡಿಯಲಿಲ್ಲ. ಮನೆಯನ್ನು ಸುತ್ತಿ ಹಿಂದಿನ ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಂತೆ. ಅಲ್ಲಿ ಕಟ್ಟಿದ್ದ ಎಮ್ಮೆ ಮೇವು ಬಿಟ್ಟು ನನ್ನನ್ನು ನೋಡತೊಡಗಿತು. ಯಾರನ್ನಾದರೂ ಕೇಳಿ ಬಂದವನ ಹಾಗೆ ಕಾಣುವಷ್ಟು ಹೊತ್ತು ನಿಂತು ವಾಪಸು ಬಂದೆ.

"ಇಲ್ಲಿಲ್ಲಂತೆ. ಅತ್ತೆ ಇರುವಾಗ್ಲೇ ಬೆಳಂಬಾರದವ್ರು ಯಾರೋ ಕೇಳಿ ಒಯ್ದ್ರಂತೆ."

"ಯಾರು?"

"ಹೆಸರು ಗೊತ್ತಿಲ್ಲಂತೆ. ದೇವಸ್ಥಾನದ ಹಿಂದಿನ ಮನೆ ಅಂದ್ರು."

ಇನ್ನು ಅವಳು ಬಿಟ್ಟುಬಿಡುತ್ತಾಳೆ ಅಂದುಕೊಂಡೆ. ಅವಳು ಮಗಳ ಭುಜ ತಟ್ಟಿ, "ನಡಿ ಮಗಾ, ಬೆಳಂಬಾರ" ಎಂದಳು.

ದಾರಿಯಲ್ಲಿ ಬೇಲೇಕೇರಿಯ ಹಳೇ ಬಂದರಿನ ಹತ್ತಿರ ಸೊಸೆ ಮತ್ತೆ ನಿಲ್ಲಿಸಿದಳು. ಸಮುದ್ರ ಚೆಂದವಿತ್ತು ಎಂದು ಆಮೇಲೆ ಫೋಟೋದಲ್ಲಿ ನೋಡಿದೆ. ಅಲ್ಲಿ ನಾನು ಗಾಡಿಯ ಸುತ್ತ ತಿರುಗುತ್ತ, ಬೆಳಂಬಾರದಲ್ಲಿ ಹೇಳಬೇಕಾದ ಮುಂದಿನ ಊರಿನ ಹೆಸರು ಹುಡುಕುತ್ತಿದ್ದೆ.

ಬೆಳಂಬಾರದಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಆದರೆ ದೇವಸ್ಥಾನದ ಹಿಂದೆ ಒಂದು ಮನೆ ಇದ್ದೇ ಇತ್ತು. ಅಂಗಳದಲ್ಲಿ ಒಬ್ಬ ಅಜ್ಜಿ ಒಣಮೀನು ಹರಡುತ್ತಿದ್ದಳು. ಬಚ್ಚಲುಮನೆಯ ಪಕ್ಕದಲ್ಲಿ ಒಂದು ಒರಳು. ಅದರಲ್ಲಿ ನಿಂತ ನೀರನ್ನು ಕೋಳಿ ಕುಡಿಯುತ್ತಿತ್ತು. ಈ ಸಲ ಅಕ್ಕ ನನಗಿಂತ ಮೊದಲು ಇಳಿದು ಒರಳಿನ ವಿಷಯ ಕೇಳಿದ್ದಳು.

"ಅದಾ? ನಮ್ಮತ್ತೆ ಕಾಲದಾಗೆ ಯಾರೋ ತಂದಿಟ್ಟಿದ್ದು" ಎಂದಳು ಅಜ್ಜಿ. "ಯಾರಂತ ನಂಗೆಂತ ಗೊತ್ತು ಬಾಯಿ. ಮಿಕ್ಸಿ ಬಂದ್ಮೇಲೆ ಅರೆಯುವವ್ರು ಯಾರು? ನೀರ್ ನಿಂತು ಸೊಳ್ಳೆ ಆತದೆ. ಬೇಕಾರೆ ಒಯ್ರಿ, ಪುಣ್ಯ ಬತ್ತದೆ."

ಅಕ್ಕ ಕುಕ್ಕರಗಾಲಲ್ಲಿ ಕೂತು ನೀರು ಚೆಲ್ಲಿ ಒಳಗೆ ಕೈಯಾಡಿಸಿದಳು. ತುಂಬ ಹೊತ್ತು ಆಡಿಸಿದಳು. "ನಮ್ದು ಇಷ್ಟು ಆಳ ಇತ್ತನಾ?" ಎಂದು ತನಗೆ ತಾನೇ ಕೇಳಿಕೊಂಡು ನನ್ನ ಕಡೆ ತಿರುಗಿದಳು. "ನೀ ಹೇಳು ತಮಾ. ಎತ್ತಿ ತಂದವ ನೀನು. ಇದೇ ಅಲ್ದಾ?"

ಅಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಮುಂದಿನ ಊರಿನ ಹೆಸರೂ ಸಿದ್ಧವಿತ್ತು. ಆದರೆ ಅವಳ ಮುಖ ನೋಡಿದೆ, ಇಷ್ಟಕ್ಕೇ ಮುಗಿಯಲಿ ಅನ್ನಿಸಿತು.

"ಇದೇ" ಎಂದೆ. "ಅರೆದು ಅರೆದು ಆಳ ಆಗ್ಯದೆ."

ಪಕ್ಕದ ಮನೆಯವನೊಬ್ಬ ಹಗ್ಗ ತಂದ. ಅವನೂ ನಾನೂ ಕೂಡಿ ಕಲ್ಲನ್ನೂ ಬದಿಗಿದ್ದ ಗುಂಡನ್ನೂ ಎತ್ತಿ ಗಾಡಿಯ ಹಿಂದೆ ಇಟ್ಟೆವು. ಅಷ್ಟೇನೂ ಭಾರವಿರಲಿಲ್ಲ. ಹೊರಡುವಾಗ ಅಕ್ಕ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಅಯ್ಯ, ಕಲ್ಲಿಗೆ ಯಾರಾದ್ರೂ ಕಾಲು ಹಿಡಿತ್ರನ" ಎಂದು ಅಜ್ಜಿ ಹಿಂದೆ ಸರಿದಳು.

ಆ ಹೊತ್ತಿಗೆ ಚಾರ್ಜಿನ ಅಂಕಿ ಇಳಿದಿತ್ತು. ಬೇಕಾದಾಗ ಇಳಿಯದೆ ಈಗ ಇಳಿದಿತ್ತು. ಅಂಕೋಲೆಯಲ್ಲಿ ಹೆದ್ದಾರಿ ಬದಿಯ ಹೋಟೆಲಿನ ಅಂಗಳದಲ್ಲಿ ಚಾರ್ಜು ಮಾಡುವ ಯಂತ್ರವಿತ್ತು. ಪೆಟ್ರೋಲ್ ಹಾಕಿದ ಹಾಗೆ ಹಾಕಿ ಹೊರಡುವುದಲ್ಲ, ಅದು ತುಂಬುವ ತನಕ ಕಾಯಬೇಕು. ಸೊಸೆ ವಯರು ಸಿಕ್ಕಿಸಿ ಫೋನು ಹಿಡಿದು ಗಾಡಿಯ ಹತ್ತಿರವೇ ನಿಂತಳು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಚಹಾ ಹಿಡಿದು ಕೂತೆವು. ನಾನು ಎರಡು ಸಲ ಎದ್ದು ಎಷ್ಟಾಯಿತೆಂದು ನೋಡಿ ಬಂದೆ.

"ಕೂತ್ಕಾ" ಎಂದಳು ಅಕ್ಕ. "ಒಂದು ಮಾತು ಹೇಳ್ತೆ, ಸಿಟ್ಟು ಮಾಡ್ಕಬೇಡ."

ಕೂತೆ.

"ನೀ ಒರಳ ತರ್ಲೇ ಇಲ್ಲ ಅಂತ ನಂಗೆ ಸಂಶಯ ಇತ್ತು. ನಿನ್ನ ಭಾವನ ಹತ್ರನೂ ಅಂದಿದ್ದೆ, ನನ್ನ ತಮ್ಮ ಸುಳ್ಳು ಹೇಳ್ತಾ ಅಂತ. ಎಷ್ಟು ಚೌತಿಗೆ ಅದನ್ನೇ ಮನಸ್ಸಲ್ಲಿ ಇಟ್ಕಂಡು ನಿನ್ನ ಮನೇಲಿ ಉಂಡಿದ್ದೆ. ಒಡಹುಟ್ಟಿದವನ ಮೇಲೆ ಹಂಗೆ ಎಣಿಸ್ಬಾರ್ದಿತ್ತು. ನಂದೇ ತಪ್ಪು ತಮಾ."

ಹೇಳಿ ಅವಳು ಹಗುರಾದಳು. ಚಹಾ ಆರಿಸಿಕೊಂಡು ಕುಡಿದಳು. ಇಂದು ರಾತ್ರಿಯೇ ಅದರಲ್ಲಿ ಅರೆದು ಸಾರು ಮಾಡುತ್ತೇನೆ, ನೀನೂ ಕದ್ರಾಕ್ಕೆ ಬಾ, ಉಂಡು ಮಲಗಿ ಬೆಳಿಗ್ಗೆ ಹೋದರಾಯಿತು ಎಂದಳು. ಬಂಗುಡೆ ಒಯ್ಯೋಣವೋ ಸೀಗಡಿಯೋ ಎಂದು ಕೇಳಿದಳು. ನಾನು ಎದ್ದು ಮತ್ತೆ ಯಂತ್ರದ ತನಕ ಹೋದೆ. ಗಾಜಿನ ಒಳಗೆ ಆ ಕಲ್ಲು ಕಾಣುತ್ತಿತ್ತು. ಅಕ್ಕ ತನ್ನ ಸೆರಗಿನ ಮೇಲೆ ಹೊದೆಯುವ ಶಾಲನ್ನು ಅದಕ್ಕೆ ಸುತ್ತಿಟ್ಟಿದ್ದಳು, ಉರುಳಿದರೆ ಒಡೆದೀತೆಂದು.

"ಎಂತಾ ಆಯ್ತು ಮಾಮಾ? ಮೈ ಸರಿ ಇಲ್ವಾ?" ಎಂದು ಸೊಸೆ ಕೇಳಿದಳು. ಎಂತದೂ ಇಲ್ಲವೆಂದು ತಲೆ ಆಡಿಸಿ ವಾಪಸು ಬಂದು ಬೆಂಚಿನ ಮುಂದೆ ನಿಂತೆ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಅಕ್ಕಾ, ಅದು ಆಯಿ ಒರಳಲ್ಲ. ಆಯಿ ಒರಳ ನಾ ತರ್ಲೇ ಇಲ್ಲ, ಹಿತ್ತಿಲಲ್ಲೇ ಬಿಟ್ಟು ಬಂದೆ. ಲಾರೀಲಿ ಜಾಗ ಇತ್ತು. ಆಯಿ ಅದನ್ನ ನಿಂಗೆ ಕೊಟ್ಲು ಅಂತ ಹೊಟ್ಟೆಕಿಚ್ಚಿಗೆ ಬಿಟ್ಟೆ. ಅವರ್ಸಾದಲ್ಲೂ ಯಾರ ಹತ್ರನೂ ಕೇಳ್ಲಿಲ್ಲ. ನಿಂದು ಎಂತ ತಪ್ಪೂ ಇಲ್ಲ. ನಂದು ತಪ್ಪಾಯ್ತು ಅಕ್ಕಾ."