ಬಲಕ್ಕೆ ಬಿದ್ದ ಹೂವು

ಚಿತ್ರದುರ್ಗದ ಟಾಕೀಸಿನಲ್ಲಿ ಇವನ ಪಕ್ಕ ಕೂತು ನೋಡಿದ ಆ ಸಿನಿಮಾ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಡ ದರ್ಜಿಯೊಬ್ಬ ಸಾಹುಕಾರನ ಮಗಳ ಮೇಲೆ ಆಸೆಪಡುತ್ತಾನೆ. ಮೊದಲಿನಿಂದ ನಂಬಿದವಳು ಅಡ್ಡ ಬಂದಾಗ ಅವಳನ್ನು ಬಾವಿಗೆ ತಳ್ಳುತ್ತಾನೆ. ಮಳೆ ಬಂದು ಹೆಜ್ಜೆ ಗುರುತೆಲ್ಲ ಅಳಿಸಿಹೋಗಿ ಬಚಾವಾಗುತ್ತಾನೆ. ಟಾಕೀಸಿನಲ್ಲಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಇವನು, "ಪಾಪ ಕಣೇ, ಅವನಿಗೆ ಬ್ಯಾರೆ ಏನು ದಾರಿ ಇತ್ತು? ಅದೃಷ್ಟ ಕೈ ಹಿಡೀತು ನೋಡು," ಅಂದ. ನಾನು ನಕ್ಕೆ. ಹುಚ್ಚಿ, ನಕ್ಕುಬಿಟ್ಟೆ.

ಇವನು ನನ್ನ ಸೋದರಮಾವನ ಮಗ. ತೊಟ್ಟಿಲಲ್ಲಿದ್ದಾಗಲೇ ನಾನು ಇವನಿಗೆ ಎಂದು ಮಾತಾಗಿತ್ತು. ನಾವು ಜವನಗೊಂಡನಹಳ್ಳಿ ಕಡೆಯಿಂದ ಬಬ್ಬೂರಿಗೆ ಬಂದು ನೆಲೆಸಿದ ಕುರಿ ಕಾಯುವ ಜನ. ನಮ್ಮಲ್ಲಿ ಇವನೊಬ್ಬ ಓದಿ, ದುರ್ಗದ ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾದ. ಟೆರಿಲಿನ್ ಶರ್ಟು ಬಂತು, ಕಂಬಳಿ ವಾಸನೆಗೆ ಮೂಗು ಮುರಿಯುವುದೂ ಬಂತು. ಮಿಲ್ಲಿನ ಸಾಹುಕಾರರು ನಮ್ಮ ಕುಲದವರೇ. ಒಬ್ಬಳೇ ಮಗಳು, ಮನೆ ಅಳಿಯ ಬೇಕಾಗಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುವ ಇವನಿಗೆ ಇನ್ನೇನು ಬೇಕು?

ನಾನು ಆಗ ಊರಿನ ಕೃಷಿ ಫಾರಂನಲ್ಲಿ ಕಳೆ ಕೀಳಲು ಹೋಗುತ್ತಿದ್ದೆ. ಮುಟ್ಟು ನಿಂತಿತ್ತು. ಅವ್ವನಿಗೂ ಹೇಳಿರಲಿಲ್ಲ. ಕಾಲುವೆ ಏರಿಯ ಮೇಲೆ ಅವನಿಗೆ ಹೇಳಿದಾಗ ಬಹಳ ಹೊತ್ತು ಹುಲ್ಲು ಕಿತ್ತು ಕಿತ್ತು ನೀರಿಗೆ ಹಾಕಿದ.

"ನಿನ್ನ ಬಿಡ್ತೀನಿ ಅಂದ್ನಾ ನಾನು? ದೇವ್ರನ್ನ ಕೇಳಾಣ. ಅವನು ಹೆಂಗೆ ಹೂ ಕೊಡ್ತಾನೋ ಹಂಗೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ನಿಪುಣ.

ನಮ್ಮಲ್ಲಿ ಹೂ ಕೇಳದೆ ಬಾವಿ ತೋಡಿಸುವುದಿಲ್ಲ, ಹೆಣ್ಣು ತರುವುದಿಲ್ಲ. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ, ಆಗುವ ಕೆಲಸವಾದರೆ ಬಲಕ್ಕೆ ಕೊಡು, ಆಗದಿದ್ದರೆ ಎಡಕ್ಕೆ ಕೊಡು ಎಂದು ಬೇಡಿಕೊಂಡು ಕಾಯುತ್ತಾರೆ. ಹೂ ಬಿದ್ದ ಮೇಲೆ ಯಾರೂ ಎದುರಾಡುವುದಿಲ್ಲ.

ಊರ ಗುಡಿಯಲ್ಲಿ ಪೂಜಾರಪ್ಪ ಕಣಗಿಲೆ ಹೂ ಏರಿಸಿ, "ಪ್ಯಾಟೆ ಸಂಬಂಧ ಆಗೋದಾದ್ರೆ ಬಲಕ್ಕೆ ಕೊಡಪ್ಪಾ ತಂದೆ," ಎಂದು ಕೂಗಿದ. ನನ್ನ ಸುದ್ದಿ ಇಲ್ಲ, ನನ್ನ ಹೊಟ್ಟೆಯ ಸುದ್ದಿಯಂತೂ ಇಲ್ಲವೇ ಇಲ್ಲ. ಹೂವು ಅಲುಗಲೊಲ್ಲದು. ಮನಸ್ಸಿನಲ್ಲೇ ಬೇಡಿಕೊಂಡೆ: ಎಡಕ್ಕೆ ನನ್ನಪ್ಪಾ, ಎಡಕ್ಕೆ, ಇಲ್ಲದಿದ್ದರೆ ನಾನು ಸತ್ತೆ. ಕೊನೆಗೆ ಜಾರಿತು, ಎಡಕ್ಕೇ. ನೆಲಕ್ಕೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತೆ. ಹೋದ ಜೀವ ಬಂದಿತ್ತು. ತಲೆ ಎತ್ತಿ ನೋಡಿದರೆ ಅವನು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ.

ಅಲ್ಲಿಂದ ನೆಟ್ಟಗೆ ಹೊಸದುರ್ಗದ ಕಡೆಯ ಒಂದು ಗುಡಿಗೆ ಹೋಗಿ ಕೇಳಿಸಿದನಂತೆ. ಅಲ್ಲೂ ಎಡ. ಹೊಳಲ್ಕೆರೆ ಹತ್ತಿರ ಇನ್ನೊಂದು ಗುಡಿಗೆ ಹೋದ. ಅಲ್ಲಿ ಬಲಕ್ಕೆ ಬಿತ್ತು. ಆ ಹೂವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ.

"ನಮ್ಮ ದೇವ್ರು ಎಡಕ್ಕೆ ಕೊಟ್ಟಿದ್ನಲ್ಲೋ?" ಅಂದಳು ಅವ್ವ.

"ಅವತ್ತು ಹೂವಿಗೆ ನೀರು ಜಾಸ್ತಿ ಆಗಿತ್ತು ಅತ್ತೆ."

ಅವ್ವ ಆ ಬಾಡಿದ ಹೂವನ್ನು ಕಣ್ಣಿಗೆ ಒತ್ತಿಕೊಂಡಳು. "ದೇವ್ರೇ ಕೊಟ್ಟ ಮ್ಯಾಲೆ ನಾವೇನು ಅನ್ನಾಕಾಗ್ತೈತಪ್ಪಾ," ಎಂದು ಅವನಿಗೆ ಕಾಫಿ ಕಾಯಿಸಲು ಒಳಗೆ ಹೋದಳು. ನನಗೆ ಅವನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು.

ಹಿತ್ತಲಿನಲ್ಲಿ ಅವನ ತೋಳು ಹಿಡಿದು ನಿಲ್ಲಿಸಿದೆ.

"ಹೊಟ್ಟ್ಯಾಗಿರೋದಕ್ಕೆ ಏನು ಮಾಡ್ಲಿ ಬಾವ?"

ಅವನು ಬಯ್ಯಲಿಲ್ಲ, ತಲೆ ತಗ್ಗಿಸಲೂ ಇಲ್ಲ. ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ ಮೆಲ್ಲಗೆ, ನನ್ನ ಮೇಲೆ ಕರುಣೆ ಇದ್ದವನ ಹಾಗೆ ಕೇಳಿದ:

"ಇಟ್ಕಾಬೇಕೋ ಬ್ಯಾಡವೋ, ಅದನ್ನೂ ಹೂ ಕೇಳಿಸ್ಲೇನೇ?"

ಬೇಡ ಅಂದೆ. ತನಗೆ ಬೇಕಾದ ಕಡೆ ಬೀಳುವ ತನಕ ಅವನು ಗುಡಿ ಗುಡಿ ಸುತ್ತುತ್ತಾನೆ ಎಂದು ನನಗೆ ಗೊತ್ತಾಗಿತ್ತು.